ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದ್ರೆ ಎಷ್ಟು ಗಂಟೆ?

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಫೋನಿಗೆ ಕೇಳಿ ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತೆ: ಸುಮಾರು 14,000 ಕಿಲೋಮೀಟರ್. ಸರಿ, ಎಷ್ಟು ಹೊತ್ತಿನ ಪ್ರಯಾಣ ಅಂತ ಕೇಳಿ. ಇಲ್ಲಿ ಶುರುವಾಗುತ್ತೆ ಗೊಂದಲ. ಒಂದು ಕಡೆ 16 ಗಂಟೆ, ಇನ್ನೊಂದು ಕಡೆ ಹದಿನೇಳೂವರೆ. ಟಿಕೆಟ್ ಮಾರುವ ಆ್ಯಪ್ ತೆರೆದರೆ 22, 27, 34 ಅಂತ ಸಾಲಾಗಿ ಬರುತ್ತೆ. ಇನ್ನು ಕೆಲವು ಟಿಕೆಟ್‌ಗಳಲ್ಲಿ ಹೊರಡುವ ಸಮಯ, ತಲುಪುವ ಸಮಯ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮೂರೇ ಗಂಟೆಯಲ್ಲಿ ಅಮೆರಿಕ ಮುಟ್ಟಿಬಿಡ್ತೀವೇನೋ ಅನ್ನಿಸುತ್ತೆ!

ದೂರ ಒಂದೇ, ಹೊತ್ತು ಮಾತ್ರ ಹತ್ತು ಥರ. ಯಾಕೆ?

ಮಗಳು ಬೇ ಏರಿಯಾದಲ್ಲಿ, ಅಪ್ಪ-ಅಮ್ಮ ಮೈಸೂರಲ್ಲೋ ದಾವಣಗೆರೆಯಲ್ಲೋ ಇರುವ ಮನೆಗಳಿಗೆ ಇದು ಬರೀ ಜನರಲ್ ನಾಲೆಜ್ ಪ್ರಶ್ನೆ ಅಲ್ಲ. ಮದುವೆ, ನಾಮಕರಣಕ್ಕೆ ಆರು ತಿಂಗಳು ಮೊದಲೇ ಟಿಕೆಟ್ ಮಾಡಿಸಬಹುದು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಚಿಕ್ಕಪ್ಪ ಫೋನ್ ಮಾಡಿ “ನೀನು ಎಷ್ಟು ಹೊತ್ತಿಗೆ ಬರ್ತೀಯಮ್ಮಾ?” ಅಂತ ಕೇಳಿದಾಗ ಸರಿಯಾದ ಉತ್ತರ ಬೇಕು. ಅದಕ್ಕೇ ಈ ಸಲ ಸ್ವಲ್ಪ ಲೆಕ್ಕ ಮಾಡೋಣ ಬನ್ನಿ.

ಗೋಡೆ ಮೇಲಿನ ನಕ್ಷೆ ನಂಬಬೇಡಿ

ಶಾಲೆಯ ಗೋಡೆ ಮೇಲೆ ನೇತಾಡುತ್ತಿದ್ದ ಪ್ರಪಂಚದ ನಕ್ಷೆ ನೆನಪಿದೆಯಲ್ವಾ? ಅದರಲ್ಲಿ ಬೆಂಗಳೂರಿಂದ ಅಮೆರಿಕಕ್ಕೆ ಗೆರೆ ಎಳೆಯಿರಿ ಅಂದರೆ ನಾವೆಲ್ಲ ಎಡಕ್ಕೆ, ಅರಬ್ಬಿ ಸಮುದ್ರದ ಮೇಲಿಂದ ಆಫ್ರಿಕಾ, ಅಟ್ಲಾಂಟಿಕ್ ದಾಟಿಸಿ ಎಳೀತೀವಿ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹಾಸಿದಾಗ ಆಗುವ ಎಡವಟ್ಟು ಇದು. ನಮ್ಮ ಕಣ್ಣಿಗೆ ರೂಢಿಯಾಗಿರುವ ಮರ್ಕೇಟರ್ ನಕ್ಷೆ 1569ರದ್ದು. ಹಡಗಿನವರಿಗೆ ದಿಕ್ಕು ಹಿಡಿಯಲು ಅನುಕೂಲವಾಗಲಿ ಅಂತ ಮಾಡಿದ್ದು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತೆ. ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು.

ಮನೇಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪಶ್ಚಿಮಕ್ಕೆ ಹೋಗೋದೇ ಇಲ್ಲ! ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಛತ್ತೀಸಗಢ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಸಾಗರದ ಅಂಚು ಸವರಿ, ಅಲಾಸ್ಕಾ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತೆ. ಫೋನು ಹೇಳಿದ 14,000 ಕಿ.ಮೀ. ಅನ್ನೋದು ಈ ದಾರದ ಉದ್ದ.

ಇದು ಎಷ್ಟು ದೊಡ್ಡ ದೂರ ಅಂತ ಅಂದಾಜು ಬೇಕಾ? ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಭೂಮಿ ಮೇಲೆ ಯಾವುದೇ ಎರಡು ಊರುಗಳ ನಡುವಿನ ಅತಿ ಹೆಚ್ಚಿನ ದೂರ ಅಂದರೆ 20,000. ಅದರಲ್ಲಿ ಹತ್ತಕ್ಕೆ ಏಳು ಪಾಲು ದೂರದಲ್ಲಿ ನಿಮ್ಮ ಅಕ್ಕನೋ ತಮ್ಮನೋ ಕೂತು ಕೋಡ್ ಬರೀತಿದ್ದಾರೆ ಅಂತ ಆಯ್ತು.

ಗಾಳಿ ಬಂದ ಕಡೆ ದಾರಿ

ದೊಡ್ಡ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರ್ತವೆ. 14,000 ಭಾಗಿಸು 900, ಹದಿನೈದೂವರೆ ಗಂಟೆ. ಏರೋದು, ಇಳಿಯೋದು, ರನ್‌ವೇಗೆ ಸಾಲು ನಿಲ್ಲೋದು ಸೇರಿಸಿದರೆ 16 ದಾಟುತ್ತೆ. ಲೆಕ್ಕ ಮುಗೀತು ಅಂದುಕೊಂಡ್ರಾ? ಇನ್ನೂ ಗಾಳಿಯನ್ನ ಕೇಳಿಲ್ಲ.

ಒಂಬತ್ತು-ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಗಾಳಿಯ ಹೊಳೆ ಹರಿಯುತ್ತೆ. ಚಳಿಗಾಲದಲ್ಲಿ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುತ್ತೆ. ತುಂಬಿದ ಹೊಳೆಯಲ್ಲಿ ತೆಪ್ಪ ಸೆಳವಿನ ಜತೆ ಹೋದರೆ ಬೇಗ, ಎದುರು ಹೋದರೆ ನಿಧಾನ. ವಿಮಾನದ ಕಥೆಯೂ ಅಷ್ಟೇ.

ಇದಕ್ಕೆ ಒಳ್ಳೇ ಉದಾಹರಣೆ 2016ರ ಅಕ್ಟೋಬರ್‌ನದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಮೇಲಿಂದ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನ, ದಿಕ್ಕು ಬದಲಿಸಿ ಪೆಸಿಫಿಕ್ ಮೇಲಿಂದ ಹೋಯ್ತು. ಹೊಸ ದಾರಿ 15,300 ಕಿ.ಮೀ., ಹಳೇ ದಾರಿಗಿಂತ ಸುಮಾರು 1,400 ಹೆಚ್ಚು. ಆದರೆ ತಲುಪಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೇ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ. ಬೆನ್ನ ಹಿಂದೆ ಗಾಳಿ ತಳ್ಳುತ್ತಿತ್ತು, ಅಷ್ಟೇ. ಬೆಂಗಳೂರಿಂದ ದಾವಣಗೆರೆಗೆ ಹೋಗಿ ಬಂದು, ಮತ್ತೆ ಇನ್ನೊಂದು ಸಲ ಹೋಗಿ ಬಂದರೂ ಸವೆಯದಷ್ಟು ಉದ್ದದ ಸುತ್ತುದಾರಿ, ಆದರೂ ಬೇಗ!

ಇನ್ನೊಂದು: 2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನೋ ಬಿರುಗಾಳಿ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಡ್ತು. ಸಾಮಾನ್ಯವಾಗಿ ಆರೂವರೆ, ಏಳು ಗಂಟೆ ಬೇಕು.

ಇಲ್ಲೊಂದು ಹಳೇ ತಪ್ಪು ತಿಳಿವಳಿಕೆಯನ್ನೂ ತೆಗೆದುಬಿಡೋಣ. “ಭೂಮಿ ತಿರುಗುತ್ತಲ್ಲ, ವಿಮಾನ ಮೇಲೆ ಹೋಗಿ ಸುಮ್ಮನೆ ನಿಂತರೆ ಅಮೆರಿಕ ತಾನೇ ಕೆಳಗೆ ಬರಬೇಕಲ್ವಾ?” ಅಂತ ಮಕ್ಕಳು ಕೇಳ್ತಾರೆ, ದೊಡ್ಡವರೂ ಕೇಳ್ತಾರೆ. ಓಡುವ ರೈಲಿನೊಳಗೆ ಕೂತು ಚೆಂಡನ್ನ ಮೇಲಕ್ಕೆ ಎಸೆಯಿರಿ. ವಾಪಸ್ ನಿಮ್ಮ ಕೈಗೇ ಬೀಳುತ್ತೆ, ಹಿಂದಿನ ಸೀಟಿನವರ ತಲೆ ಮೇಲಲ್ಲ. ಭೂಮಿ ಜತೆ ಗಾಳಿಯೂ ತಿರುಗುತ್ತೆ, ಅದರೊಳಗಿನ ವಿಮಾನವೂ ತಿರುಗುತ್ತೆ. ಹೋಗುವಾಗ, ಬರುವಾಗ ಹೊತ್ತು ಬೇರೆಬೇರೆ ಆಗೋದಕ್ಕೆ ಕಾರಣ ಗಾಳಿ.

ಆಕಾಶಕ್ಕೂ ಗೇಟು ಇದೆ

ದಾರ ಎಳೆದು ನೋಡಿದೆವಲ್ಲ, ಅದು ಹೋದ ದೇಶಗಳ ಹೆಸರು ಮತ್ತೊಮ್ಮೆ ಓದಿ. ಸೈಬೀರಿಯಾ ಅಂದರೆ ರಷ್ಯಾ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ಮತ್ತು ಯುರೋಪಿನ ಬಹುತೇಕ ವಿಮಾನ ಕಂಪನಿಗಳಿಗೆ ಅಲ್ಲಿನ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು-ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್ ವಿಮಾನಕ್ಕೆ ಸುಮಾರು 13 ಗಂಟೆ ಬೇಕಾಯ್ತು. ಎರಡೂ ಊರು ಇದ್ದಲ್ಲೇ ಇವೆ, ನಡುವಿನ ಗೇಟು ಮಾತ್ರ ಬಿದ್ದಿದೆ.

ನಮ್ಮ ಪಕ್ಕದಲ್ಲೂ ಇದೇ ಕಥೆ. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶವನ್ನ ಜುಲೈವರೆಗೂ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಸುತ್ತಿಕೊಂಡು ಹೋಗಬೇಕಾಯ್ತು. ಸುತ್ತು ಹೆಚ್ಚಾದರೆ ಇಂಧನ ಹೆಚ್ಚು, ಕೆಲವೊಮ್ಮೆ ಮಧ್ಯೆ ಇಳಿದು ತುಂಬಿಸಿಕೊಳ್ಳಬೇಕು, ಟಿಕೆಟ್ ದರವೂ ಏರುತ್ತೆ. ಹಾಗಾಗಿ ಹೋದ ವರ್ಷ ನಿಮ್ಮ ಫ್ರೆಂಡ್ ಹೇಳಿದ ಗಂಟೆ ಈ ವರ್ಷ ನಿಮಗೆ ಸಿಗುತ್ತೆ ಅನ್ನೋ ಹಾಗಿಲ್ಲ.

ಕಾಣೆಯಾದ ಭಾನುವಾರ

2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ಒಂದು ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ. ಉತ್ತರ ಧ್ರುವದ ಮೇಲಿಂದ ಹಾರಿ, ಎಲ್ಲೂ ನಿಲ್ಲದೆ ಸುಮಾರು 17 ಗಂಟೆಯಲ್ಲಿ ಬೆಂಗಳೂರಿಗೆ ಬಂದಿಳಿದರು. ಈ ಎರಡು ಊರುಗಳ ನಡುವಿನ ಮೊದಲ ನಾನ್‌ಸ್ಟಾಪ್ ವಿಮಾನ ಅದು. ಇಳಿದಾಗ ಇಲ್ಲಿ ಸೋಮವಾರ ನಸುಕು, ಜನವರಿ 11. ಅಂದರೆ ಪ್ರಯಾಣಿಕರ ಪಾಲಿಗೆ ಇಡೀ ಭಾನುವಾರ ಮೇಲೇ ಕಳೆದುಹೋಯ್ತು.

ಇದು ಟೈಮ್ ಝೋನ್ ಆಟ. ಚಳಿಗಾಲದಲ್ಲಿ ನಾವು ಕ್ಯಾಲಿಫೋರ್ನಿಯಾಗಿಂತ ಹದಿಮೂರೂವರೆ ಗಂಟೆ ಮುಂದೆ ಇರ್ತೀವಿ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನ ಒಂದು ಗಂಟೆ ಮುಂದೆ ಮಾಡ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ. ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದೆ.

ಹೋಗುವಾಗ ಉಲ್ಟಾ. ಜನವರಿಯಲ್ಲಿ ಬೆಂಗಳೂರಿಂದ ಮಧ್ಯಾಹ್ನ 2ಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ 5! ಮೊದಲಲ್ಲಿ ಹೇಳಿದ ‘ಮೂರೇ ಗಂಟೆ’ಯ ಗುಟ್ಟು ಇದು. ಟಿಕೆಟ್‌ನಲ್ಲಿರುವ ಎರಡೂ ಸಮಯ ಆಯಾ ಊರಿನವು. ಅವುಗಳನ್ನ ಕಳೆದು ಕೂಡಿಸಬೇಡಿ, ‘ಡ್ಯುರೇಶನ್’ ಅಂತ ಬೇರೆ ಬರೆದಿರುತ್ತೆ, ಅದನ್ನ ನೋಡಿ. ಜತೆಗೆ ತಾರೀಖಿನ ಪಕ್ಕ ಸಣ್ಣಗೆ +1, +2 ಅಂತ ಇದೆಯಾ ಅಂತಲೂ ನೋಡಿ. ಏರ್‌ಪೋರ್ಟಿಗೆ ಕರೆಯೋಕೆ ಬರುವವರು ಒಂದು ದಿನ ಮೊದಲೇ ಬಂದು ಕಾಯೋದು ಇದೊಂದನ್ನ ಓದದೇ ಇದ್ದಾಗ.

ಬಾಗಿಲಿಂದ ಬಾಗಿಲಿಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇಲೆ ಹೇಳಿದ್ದೆಲ್ಲ ವಿಮಾನದ ಲೆಕ್ಕ. ಮನೆಯ ಲೆಕ್ಕ ಬೇರೆ.

ಸನ್ನಿವೇಲ್‌ನಲ್ಲಿರುವ ಮಗನಿಗೆ ದಾವಣಗೆರೆಯಿಂದ ಕೆಟ್ಟ ಸುದ್ದಿ ಬಂತು ಅಂತ ಇಟ್ಟುಕೊಳ್ಳಿ. ಜನವರಿ ತಿಂಗಳು, ಅಲ್ಲಿ ಶುಕ್ರವಾರ ರಾತ್ರಿ 10. ಇಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದೂವರೆ. ರಾತ್ರಿಯೆಲ್ಲ ಟಿಕೆಟ್ ಹುಡುಕಿದ. ನಾನ್‌ಸ್ಟಾಪ್ ಸಿಗಲಿಲ್ಲ. ಶನಿವಾರ ಸಂಜೆ 4ಕ್ಕೆ ಹೊರಡುವ, ಮಧ್ಯೆ ಒಂದು ಕಡೆ ಬದಲಿಸುವ, ಒಟ್ಟು 24 ಗಂಟೆಯ ಟಿಕೆಟ್ ಸಿಕ್ಕಿತು. ಬೆಂಗಳೂರಲ್ಲಿ ಇಳಿದಾಗ ಸೋಮವಾರ ಬೆಳಿಗ್ಗೆ ಐದೂವರೆ. ಇಮಿಗ್ರೇಶನ್, ಲಗೇಜು ಮುಗಿಸಿ ಕಾರು ಹತ್ತಿದಾಗ ಏಳು. ಅಲ್ಲಿಂದ ದಾವಣಗೆರೆಗೆ ಐದು ಗಂಟೆ. ಮನೆ ಬಾಗಿಲು ಮುಟ್ಟಿದಾಗ ಸೋಮವಾರ ಮಧ್ಯಾಹ್ನ 12.

ಶನಿವಾರ ಹನ್ನೊಂದೂವರೆಯಿಂದ ಸೋಮವಾರ ಹನ್ನೆರಡು. ನಲವತ್ತೆಂಟೂವರೆ ಗಂಟೆ. ಎಲ್ಲೂ ಲೇಟ್ ಆಗಿಲ್ಲ, ಏನೂ ತಪ್ಪಾಗಿಲ್ಲ, ಆದರೂ ಎರಡು ದಿನ ಪೂರ್ತಿ. ಫೋನು ಹೇಳಿದ 16-17 ಗಂಟೆಯ ಮೂರು ಪಟ್ಟು.

ಊರಲ್ಲಿ ಅಂಗಳದ ತುಂಬ ಜನ. ಫ್ರೀಜರ್ ಬಾಕ್ಸ್ ತರಿಸಿದ್ದಾರೆ. “ವಿಮಾನದಲ್ಲಿ ಹದಿನಾರು ಗಂಟೆಯಂತೆ, ನಾಳೆ ಬೆಳಿಗ್ಗೆ ಬಂದುಬಿಡ್ತಾನೆ, ಕಾಯೋಣ” ಅಂತ ಯಾರೋ ಹೇಳಿರ್ತಾರೆ. ನಾಳೆ ಬೆಳಿಗ್ಗೆ ಅವನು ಆಗಷ್ಟೇ ವಿಮಾನ ಹತ್ತಿರ್ತಾನೆ. ಅತ್ತ ಅವನಿಗೆ ಎಲ್ಲರನ್ನೂ ಕಾಯಿಸುತ್ತಿದ್ದೀನಲ್ಲ ಅನ್ನೋ ಸಂಕಟ, ಇತ್ತ ಅಮ್ಮನಿಗೆ ಇವತ್ತೇ ಮುಗಿಸಿಬಿಟ್ಟರೆ ಮಗ ಮುಖ ನೋಡಲಿಲ್ಲ ಅಂತ ಜೀವನವಿಡೀ ಕೊರಗ್ತಾನಲ್ಲ ಅನ್ನೋ ಸಂಕಟ. ಆ ಹೊತ್ತಲ್ಲಿ ಯಾರಿಗೂ ಲೆಕ್ಕ ಮಾಡುವ ತ್ರಾಣ ಇರಲ್ಲ. ಲೆಕ್ಕ ಮೊದಲೇ ಆಗಿರಬೇಕು.

ಅದಕ್ಕೇ ದೂರದಲ್ಲಿರುವ ಪ್ರತಿಯೊಬ್ಬರೂ ತಮ್ಮದೇ ಒಂದು ಸಂಖ್ಯೆ ಇಟ್ಟುಕೊಳ್ಳಿ: ನಮ್ಮ ಬಾಗಿಲಿಂದ ಊರಿನ ಬಾಗಿಲಿಗೆ, ಟಿಕೆಟ್ ಹುಡುಕುವ ಹೊತ್ತೂ ಸೇರಿ, ನಿಜವಾಗಿ ಎಷ್ಟು ಗಂಟೆ? ಆ ಸಂಖ್ಯೆಯನ್ನ ಊರಲ್ಲಿರುವ ಅಣ್ಣನಿಗೋ ತಂಗಿಗೋ ಹೇಳಿಡಿ. ಅಪ್ಪ-ಅಮ್ಮ ಗಟ್ಟಿಯಾಗಿರುವಾಗಲೇ ಒಂದು ಸಂಜೆ ಮಾತು ತೆಗೆಯಿರಿ. “ಅಂಥ ಟೈಮ್ ಬಂದರೆ ನನಗೋಸ್ಕರ ಕಾಯಬೇಕಾ, ಬೇಡವಾ?” ಅಂತ. ಕೇಳೋಕೆ ಬಾಯಿ ಬರಲ್ಲ, ನಿಜ. ಆದರೆ ಬಹಳಷ್ಟು ಹಿರಿಯರಿಗೆ ಈ ವಿಷಯದಲ್ಲಿ ಸ್ಪಷ್ಟ ಅಭಿಪ್ರಾಯ ಇರುತ್ತೆ, ಯಾರೂ ಕೇಳಿರಲ್ಲ ಅಷ್ಟೇ. “ನನ್ನನ್ನ ಪೆಟ್ಟಿಗೆಯಲ್ಲಿ ಇಡಬೇಡಿ, ಅವನು ಬಂದಾಗ ಬರಲಿ” ಅಂತ ಅವರ ಬಾಯಲ್ಲೇ ಬಂದಿದ್ದರೆ ಮುಂದೆ ಯಾರ ಮೇಲೂ ತಪ್ಪು ಹೊರಿಸುವ ಮಾತೇ ಬರಲ್ಲ. “ಕಾಯಿರಿ” ಅಂದಿದ್ದರೆ ಎಷ್ಟು ಹೊತ್ತು ಅಂತ ಎಲ್ಲರಿಗೂ ಗೊತ್ತಿರುತ್ತೆ.

ಆ ಸಂಖ್ಯೆಯನ್ನ ಕಡಿಮೆ ಮಾಡೋಕೆ ನಿಮ್ಮ ಕೈಲಿರುವ ಕೆಲಸಗಳೂ ಇವೆ:

• ಪಾಸ್‌ಪೋರ್ಟ್ ಅವಧಿ ಆರು ತಿಂಗಳಿಗಿಂತ ಕಡಿಮೆ ಆಗೋಕೆ ಬಿಡಬೇಡಿ. ಮಗುವಿನದ್ದನ್ನೂ ನೋಡಿ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗುವಿಗೆ ಒಸಿಐ ಕಾರ್ಡೋ ವೀಸಾನೋ ಇಲ್ಲದೆ ಭಾರತಕ್ಕೆ ಪ್ರವೇಶ ಇಲ್ಲ.

• ವೀಸಾದಲ್ಲಿ ಇರುವವರು ವಾಪಸ್ ಹೋಗೋಕೆ ಸ್ಟ್ಯಾಂಪ್ ಚಾಲ್ತಿಯಲ್ಲಿ ಇದೆಯಾ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದ್ದರೆ ದೇಶದ ಹೊರಗೆ ಹೋಗಿಬರಲು ಯಾವ ಪತ್ರ ಬೇಕು ಅಂತ ನಿಮ್ಮ ವಕೀಲರನ್ನ ಈಗಲೇ ಕೇಳಿ. ನಡುರಾತ್ರಿ ಕೇಳುವ ಪ್ರಶ್ನೆ ಅಲ್ಲ ಅದು.

• ಕೊನೇ ಗಳಿಗೆಯ ಟಿಕೆಟ್‌ಗೆ ಆಗುವಷ್ಟು ದುಡ್ಡು ಬೇರೆ ಇಡಿ. ಅದಕ್ಕೆ ಕೈ ಹಾಕಬೇಡಿ.

• ಯಾವ ಊರಲ್ಲಿ ಬದಲಿಸಿದರೆ ಟ್ರಾನ್ಸಿಟ್ ವೀಸಾ ಬೇಕು, ಎಲ್ಲಿ ಬೇಡ ಅಂತ ಮೊದಲೇ ತಿಳಿದುಕೊಂಡಿರಿ. ನಿಯಮ ಬದಲಾಗ್ತಾ ಇರುತ್ತೆ, ವರ್ಷಕ್ಕೊಮ್ಮೆ ನೋಡಿ.

ಅಪ್ಪ-ಅಮ್ಮ ಹೊರಟಾಗ

ಉಲ್ಟಾ ಪ್ರಯಾಣವೂ ಇದೆಯಲ್ಲ. ಮೊಮ್ಮಗು ನೋಡೋಕೆ ಅರವತ್ತೈದರ ಅಮ್ಮ ಮೊದಲ ಸಲ ವಿಮಾನ ಹತ್ತುತ್ತಾರೆ. ಅವರಿಗೆ ಟಿಕೆಟ್ ಮಾಡುವಾಗ ಬೆಲೆ ಆಮೇಲೆ ನೋಡಿ, ಮೊದಲು ದಾರಿ ನೋಡಿ.

‘ಡೈರೆಕ್ಟ್’ ಅಂದರೆ ‘ನಾನ್‌ಸ್ಟಾಪ್’ ಅಲ್ಲ. ಡೈರೆಕ್ಟ್ ವಿಮಾನ ಮಧ್ಯೆ ಒಂದು ಕಡೆ ಇಳಿದು ಮತ್ತೆ ಹಾರಬಹುದು, ಫ್ಲೈಟ್ ನಂಬರ್ ಮಾತ್ರ ಒಂದೇ ಇರುತ್ತೆ. ಎಲ್ಲೂ ನಿಲ್ಲಬಾರದು ಅಂದರೆ ‘ನಾನ್‌ಸ್ಟಾಪ್’ ಅಂತಲೇ ಹುಡುಕಬೇಕು. ಇಷ್ಟು ಉದ್ದದ ನಾನ್‌ಸ್ಟಾಪ್‌ಗಳು ಒಂದು ವರ್ಷ ಇರ್ತವೆ, ಇನ್ನೊಂದು ವರ್ಷ ಇರಲ್ಲ, ಆದ್ದರಿಂದ ಆ ತಿಂಗಳ ವೇಳಾಪಟ್ಟಿ ನೋಡಿಯೇ ನಂಬಿ.

ಒಂದು ಕಡೆ ಬದಲಿಸಲೇಬೇಕು ಅಂದರೆ ದೂರ ಹೀಗಾಗುತ್ತೆ: ದುಬೈ ಮೇಲಿಂದ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲಿಂದ ಸುಮಾರು 16,500, ಸಿಂಗಾಪುರದ ಮೇಲಿಂದ ಸುಮಾರು 16,800. ವ್ಯತ್ಯಾಸ ದೊಡ್ಡದೇನಲ್ಲ. ಆದರೆ ದುಬೈ ದಾರಿಯಲ್ಲಿ ಒಂದು ಹಾರಾಟ ನಾಲ್ಕು ಗಂಟೆ, ಇನ್ನೊಂದು ಹೆಚ್ಚುಕಡಿಮೆ ಹದಿನಾರು. ಫ್ರಾಂಕ್‌ಫರ್ಟ್ ದಾರಿಯಲ್ಲಿ ಹತ್ತು ಮತ್ತು ಹನ್ನೊಂದೂವರೆ. ಮಂಡಿ ನೋವಿನವರಿಗೆ ಎರಡು ಸಮಭಾಗ ಆದರೆ ಮಧ್ಯೆ ಕಾಲು ಚಾಚಿ ನಡೆದಾಡೋಕೆ ಅನುಕೂಲ. ಏರ್‌ಪೋರ್ಟಲ್ಲಿ ಓಡಾಡೋದೇ ಕಷ್ಟ ಅನ್ನುವವರಿಗೆ ನಾನ್‌ಸ್ಟಾಪ್ ವಾಸಿ. ಮಧ್ಯದ ಸಮಯ ಕನಿಷ್ಠ ಮೂರು ಗಂಟೆ ಇರಲಿ. ದೆಹಲಿ ಮೂಲಕ ಹೋಗೋದಾದರೆ ಡಿಸೆಂಬರ್, ಜನವರಿಯ ಮಂಜಿಗೆ ಅಂತ ಇನ್ನೂ ಹೆಚ್ಚು ಬಿಡಿ. ಇಡೀ ಪ್ರಯಾಣ ಒಂದೇ ಬುಕಿಂಗ್‌ನಲ್ಲಿ ಇರಲಿ. ಬೇರೆಬೇರೆ ಟಿಕೆಟ್ ತಗೊಂಡು ಮೊದಲ ವಿಮಾನ ತಡವಾದರೆ ಎರಡನೆಯದರ ಹೊಣೆ ನಿಮ್ಮ ತಲೆ ಮೇಲೇ ಬರುತ್ತೆ.

ವಿಮಾನದ ಒಳಗಿನ ಗಾಳಿ ನೆಲದ ಮೇಲಿನ ಹಾಗೆ ಇರಲ್ಲ. ಬೋಯಿಂಗ್ 787ರಲ್ಲಿ ಅದು 6,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮ, ಹಳೇ ವಿಮಾನಗಳಲ್ಲಿ 8,000 ಅಡಿವರೆಗೂ ಹೋಗುತ್ತೆ. ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಅಂದರೆ ಅಪ್ಪ ಅಮ್ಮ ಹದಿನಾರು ಗಂಟೆ ಮುಳ್ಳಯ್ಯನಗಿರಿ ಮೇಲೆ ಕೂತ ಹಾಗೆ, ಅದೂ ಒಣ ಗಾಳಿಯಲ್ಲಿ. ಹೃದಯದ್ದೋ ಉಸಿರಾಟದ್ದೋ ತೊಂದರೆ ಇದ್ದರೆ ಟಿಕೆಟ್‌ಗೆ ಮೊದಲು ಡಾಕ್ಟರನ್ನ ಕೇಳಿ. ನೀರು ಆಗಾಗ ಕುಡೀಬೇಕು. ಎರಡು ಗಂಟೆಗೊಮ್ಮೆ ಎದ್ದು ನಡೀಬೇಕು, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಬೇಕು, ಇಲ್ಲದಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ. ಮಾತ್ರೆ, ಇನ್ಸುಲಿನ್, ಚೀಟಿ ಎಲ್ಲ ಕೈಚೀಲದಲ್ಲೇ ಇರಲಿ. ಮಾತ್ರೆ ಯಾವ ಗಡಿಯಾರದ ಪ್ರಕಾರ ತಗೋಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ವೀಲ್‌ಚೇರ್ ಬೇಕು ಅಂತ ಬುಕಿಂಗ್ ಮಾಡುವಾಗಲೇ ಹೇಳಿ. “ನಾನೇನು ಕುಂಟಿನಾ?” ಅಂತ ಅಮ್ಮ ಬೈತಾರೆ, ಬೈಸಿಕೊಳ್ಳಿ.

ಇಳಿದ ಮೇಲೆ ಮೊದಲ ವಾರ ಅವರನ್ನ ಊರೆಲ್ಲ ಸುತ್ತಿಸೋಕೆ ಹೊರಡಬೇಡಿ. ನಮ್ಮ ದೇಹದ ಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟೇ ಸರಿಯೋದು. ಹನ್ನೆರಡು-ಹದಿಮೂರು ಗಂಟೆಯ ವ್ಯತ್ಯಾಸ ಅಂದರೆ ಹಗಲು-ರಾತ್ರಿ ಅದಲು ಬದಲು. ರಾತ್ರಿ ಎರಡಕ್ಕೆ ಅಪ್ಪ ಎದ್ದು ಕಾಫಿ ಕಾಸ್ತಾ ನಿಂತಿದ್ದರೆ ಗಾಬರಿ ಬೇಡ, ಅವರ ಮೈಗೆ ಅದಿನ್ನೂ ಮಧ್ಯಾಹ್ನ.

ಈ ಶನಿವಾರ ಊರಿಗೆ ಫೋನ್ ಮಾಡ್ತೀರಲ್ಲ, ಅದಕ್ಕೆ ಮೊದಲು ಒಂದು ಕಾಗದ ತಗೊಂಡು ನಿಮ್ಮ ಬಾಗಿಲಿಂದ ಅವರ ಬಾಗಿಲಿಗೆ ಎಷ್ಟು ಗಂಟೆ ಅಂತ ಬರೀರಿ. ದುಬೈ ಆದರೂ ಸರಿ, ಸಿಡ್ನಿ ಆದರೂ ಸರಿ, ನೋಯ್ಡಾ ಆದರೂ ಸರಿ. ಬಂದ ಸಂಖ್ಯೆಯನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿ. ಅದನ್ನ ನೋಡಿ ಯಾರಾದರೂ “ಇಷ್ಟೊಂದಾ?” ಅಂತ ಕೇಳೇ ಕೇಳ್ತಾರೆ. ಅಲ್ಲಿಂದ ಮಾತು ಶುರು ಮಾಡಿ.